ಬರೋಲೊದ ಒಗರು, ಬರ್ಬೇರಾದ ಹುಳಿ

ಮೊದಲೇ ಹೇಳಿಬಿಡುತ್ತೇನೆ, ಬರೋಲೊ, ಬರ್ಬೇರಾ ಅನ್ನುವ ಇಲ್ಲಿನ ಎರಡು ರೆಡ್ ವೈನ್‌ಗಳಲ್ಲಿ ನನ್ನ ಓಟು ಬರ್ಬೇರಾಗೆ. ಇಟಲಿಯ ಟ್ಯೂರಿನ್‌ಗೆ ಬಂದು ಆರು ವರ್ಷ ಆಯಿತು. ವಾರಕ್ಕೆ ಎರಡು ದಿನ ರಾತ್ರಿ ಊಟದ ಜೊತೆ ಒಂದೊಂದು ಲೋಟ ರೆಡ್ ವೈನ್, ಅಷ್ಟೇ ನಮ್ಮ ರೂಢಿ. ಅದಕ್ಕೆ 9 ಯೂರೋದ ಬರ್ಬೇರಾ ಹೊಂದಿದಷ್ಟು ಚೆನ್ನಾಗಿ 45 ಯೂರೋದ ಬರೋಲೊ ಹೊಂದಲಿಲ್ಲ.

ಕಳೆದ ನವೆಂಬರ್‌ನಲ್ಲಿ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಅಂತ ಬರೋಲೊ ತಂದೆ. ‘ಇವತ್ತೇ ತೆಗೆದು ಕುಡಿಯಬಹುದು’ ಅಂದರು ಅಂಗಡಿಯವರು. ಹೆಂಡತಿ ಟೊಮ್ಯಾಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಪಾಸ್ತಾ ಮಾಡಿದ್ದಳು. ಊಟಕ್ಕೆ ಕೂತ ಮೇಲೆ ಬಿರಡೆ ತೆಗೆದೆ. ಗುಲಾಬಿಯ ಪರಿಮಳ ಲೋಟದಿಂದ ಮೇಜಿನ ತನಕ ಬಂತು.

ಬಾಯಿಗಿಟ್ಟರೆ ಒಗರು. ಎಳೆ ಅಡಿಕೆ ಅಗಿದ ಹಾಗೆ ಒಸಡು ಬಿಗಿಯಿತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಪಾಸ್ತಾದ ಖಾರ ಎರಡು ಪಟ್ಟಾಯಿತು. ಹೆಂಡತಿ ಲೋಟ ಪಕ್ಕಕ್ಕಿಟ್ಟು ನೀರು ಕುಡಿದಳು. ನನಗೆ ತುಂಬಾ ಬೇಜಾರಾಯಿತು.

ಬರೋಲೊ ಮಾಡುವುದು ನೆಬ್ಬಿಯೋಲೊ ಅನ್ನುವ ಒಂದೇ ದ್ರಾಕ್ಷಿಯಿಂದ. ಅದರಲ್ಲಿ ಒಗರು ಕೊಡುವ ಟ್ಯಾನಿನ್ ಜಾಸ್ತಿ. ವೈನ್ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು ಅನ್ನುವುದು ಅಲ್ಲಿನ ನಿಯಮ. ಅಷ್ಟಾದರೂ ಆಗ ತಾನೇ ಮಾರಾಟಕ್ಕೆ ಬಂದ ಬಾಟಲಿ ಇನ್ನೂ ಎಳೆಯದೇ. ನಮ್ಮ ಎಂಜಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಳ್ಳುತ್ತದೆ. ಬಾಯಿಯ ಜಾರಿಕೆ ಹೋಗುವುದು ಅದಕ್ಕೇ. ತಟ್ಟೆಯಲ್ಲಿ ಮಾಂಸವೋ ಚೀಸೋ ಇದ್ದರೆ ಟ್ಯಾನಿನ್ ಅದರ ಪ್ರೋಟೀನನ್ನೂ ಹಿಡಿಯುತ್ತದೆ, ನಾಲಿಗೆ ಉಳಿಯುತ್ತದೆ. ನಮ್ಮ ತಟ್ಟೆಯಲ್ಲಿ ಎರಡೂ ಇರಲಿಲ್ಲ.

ಉಳಿದ ವೈನನ್ನು ಗಾಳಿಯಾಡಲಿ ಅಂತ ಸ್ಟೀಲ್ ಜಗ್ಗಿಗೆ ಸುರಿದು, ತಟ್ಟೆ ಮುಚ್ಚಿ ಇಟ್ಟೆ. ಮರುದಿನ ಕುರಿಮಾಂಸವನ್ನು ಖಾರ ಹಾಕದೆ ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಿದೆವು. ಜೊತೆಗೆ ಒಂದು ತುಂಡು ಕಾಸ್ತೆಲ್‌ಮಾನ್ಯೊ ಚೀಸ್. ಆಗ ಕುಡಿದ ಬರೋಲೊ ಬೇರೆಯೇ ವೈನ್. ಒಗರು ಹಿಂದೆ ಸರಿದು ಹಣ್ಣು ಮುಂದೆ ಬಂದಿತ್ತು. ಇಲ್ಲಿಯವರು ದನದ ಮಾಂಸವನ್ನು ಇದೇ ವೈನ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿ ಬ್ರಸಾತೊ ಯಾಕೆ ಮಾಡುತ್ತಾರೆ ಅಂತ ಅವತ್ತು ಅರ್ಥವಾಯಿತು.

ಆದರೆ ಸಂಜೆ ಆರಕ್ಕೆ ಕೆಲಸ ಮುಗಿಸಿ ಬರುವವನು ಗಾಳಿಯಾಡಲಿ ಅಂತ ಮಧ್ಯಾಹ್ನವೇ ಬಾಟಲಿ ತೆಗೆದಿಡುವುದು ಹೇಗೆ? ಮೂರು ಗಂಟೆ ಬೇಯುವ ಅಡುಗೆ ವಾರದ ದಿನ ಆಗುವುದಿಲ್ಲ, ಅಲ್ವಾ?

ಬರ್ಬೇರಾ ದಾಸ್ತಿಗೆ, ಅಂದರೆ ಆಸ್ತಿ ಅನ್ನುವ ಊರಿನ ಕಡೆಯ ಬರ್ಬೇರಾಗೆ, ಈ ಕಾಯುವಿಕೆಯೇ ಬೇಡ. ಟ್ಯಾನಿನ್ ಕಡಿಮೆ, ಹುಳಿ ಜಾಸ್ತಿ. ಟೊಮ್ಯಾಟೊ ಹುಳಿಗೆ ಈ ಹುಳಿ ಸರಿಜೋಡಿ, ಅದೇ ಪಾಸ್ತಾಗೆ ಮೆಣಸಿನಕಾಯಿ ಕಡಿಮೆ ಮಾಡಿ ನೋಡಿದ್ದೇವೆ. ಲೇಬಲ್ ಮೇಲೆ ‘ಸುಪೀರಿಯೋರೆ’ ಅಂತಿದ್ದರೆ ಕನಿಷ್ಠ 6 ತಿಂಗಳು ಮರದಲ್ಲಿಟ್ಟದ್ದು, ಬೆಲೆಯೂ ಮೇಲೆ. ನಾನು ತರುವುದು ಸಾದಾದ್ದೇ.

ದೊಲ್ಚೆತ್ತೊ ಅನ್ನುವ ಇನ್ನೊಂದು ರೆಡ್ ವೈನ್ ಕೂಡ ನೋಡಿದೆ. ಹೆಸರಿನ ಅರ್ಥ ‘ಪುಟ್ಟ ಸಿಹಿ’, ಆದರೆ ವೈನ್ ಸಿಹಿಯಲ್ಲ. ಹುಳಿ ಕಡಿಮೆ, ಪಿಜ್ಜಾಕ್ಕೆ ಪರವಾಗಿಲ್ಲ.

ಮನೆಯಲ್ಲಿ ಖಾರದ ಮಟನ್ ಸಾರು ಮಾಡಿದ ದಿನ ಮೂರೂ ಬೇಡ. ಆಲ್ಕೋಹಾಲ್ ಉರಿ ಹೆಚ್ಚಿಸುತ್ತದೆ.

ಬರ್ಬೇರಾ ನನ್ನನ್ನು ಪೂರ್ತಿ ಗೆದ್ದದ್ದು ಪಕ್ಕದ ಮನೆಯ ಅಜ್ಜಿಯ ಮೇಜಿನಲ್ಲಿ. ಚಳಿಗಾಲದಲ್ಲಿ ಅವರು ಬಾನ್ಯಾ ಕಾವ್ದಾ ಮಾಡುತ್ತಾರೆ. ಬೆಳ್ಳುಳ್ಳಿ ಮತ್ತು ಉಪ್ಪು ಹಾಕಿಟ್ಟ ಆಂಚೊವಿ ಮೀನು, ಎರಡನ್ನೂ ಆಲಿವ್ ಎಣ್ಣೆಯಲ್ಲಿ ಕರಗುವ ತನಕ ಬೇಯಿಸುವುದು. ಮಣ್ಣಿನ ಪುಟ್ಟ ಕುಡಿಕೆ, ಕೆಳಗೆ ಮೊಂಬತ್ತಿ. ಎಲೆಕೋಸು, ಕೆಂಪು ದೊಣ್ಣೆಮೆಣಸಿನಕಾಯಿ ಅದ್ದಿ ಅದ್ದಿ ತಿನ್ನುವುದು. ಎಣ್ಣೆ ನಾಲಿಗೆಯ ಮೇಲೆ ಪದರ ಕಟ್ಟುತ್ತದೆ. ಒಂದು ಗುಟುಕು ಬರ್ಬೇರಾ ಕುಡಿದರೆ ನಿಂಬೆ ಹಿಂಡಿದ ಹಾಗೆ ಬಾಯಿ ಚೊಕ್ಕಟ, ಕೈ ತಾನಾಗಿ ಮತ್ತೆ ಕುಡಿಕೆಗೆ ಹೋಗುತ್ತದೆ. ಕೊನೆಗೆ ತಳದ ಎಣ್ಣೆಗೆ ಅಜ್ಜಿ ಒಂದು ಮೊಟ್ಟೆ ಒಡೆದು ಹಾಕಿ ಕಲಕಿ ಕೊಟ್ಟರು. ಅದರ ಜೊತೆಗೂ ಅರ್ಧ ಲೋಟ ಅದೇ ವೈನ್.