ಇಂಗ್ಲಿಷ್ ವ್ಯಾಕರಣ ತಿದ್ದುವ ಆ್ಯಪ್: ಎರಡು ವರ್ಷದ ಬಳಕೆ, ಒಂದು ದೊಡ್ಡ ತಕರಾರು

ಸ್ಪೆಲಿಂಗ್ ಹಿಡಿಯುತ್ತದೆ, 'ಎ', 'ದ' ಬಿಟ್ಟುಹೋದಲ್ಲಿ ಸೇರಿಸುತ್ತದೆ, ಬ್ರೌಸರಿನಲ್ಲೂ ವರ್ಡ್‌ನಲ್ಲೂ ನಡೆಯುತ್ತದೆ. ಅದೆಲ್ಲ ಜಾಹೀರಾತಿನಲ್ಲೇ ಇದೆ. ಹೆಸರು ಹೇಳುವುದಿಲ್ಲ, ಇದೇ ರೋಗ ಇದರ ಅಣ್ಣತಮ್ಮಂದಿರಿಗೂ ಇರಬಹುದು.

ಶಿಫ್ಟ್ ವರದಿ, ಬ್ರೇಕ್‌ಡೌನ್ ವರದಿ, ಸಭೆಯ ನಡಾವಳಿ ಬರೆಯುವವರಿಗಾಗಿ ಈ ವಿಮರ್ಶೆ. ಅಂದರೆ ಆಗಿಹೋದದ್ದನ್ನು, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತಾಗುವ ಹಾಗೆ, ಇಂಗ್ಲಿಷಿನಲ್ಲಿ ಬರೆಯಲೇಬೇಕಾದವರಿಗೆ. ಇಂಥ ಬರಹದಲ್ಲಿ 'ಆಫ್ಟರ್', 'ಬಿಫೋರ್', 'ವೆನ್' ಎನ್ನುವುದಕ್ಕಿಂತ ಅದರ ಎಡಗಡೆ ಕೂರುವ ಸಣ್ಣ ಪದವೇ ಮುಖ್ಯ: 'ಜಸ್ಟ್', 'ಸೂನ್', 'ಲಾಂಗ್', 'ಈವನ್', 'ಓನ್ಲಿ'. ಎರಡು ಘಟನೆಗಳ ನಡುವೆ ಎಷ್ಟು ಅಂತರವಿತ್ತು, ಎಂಥ ನಂಟಿತ್ತು ಎಂದು ಹೇಳುವುದು ಅದೇ. ಆ್ಯಪ್ ಕೈ ಹಾಕುವುದೂ ಅಲ್ಲಿಗೇ.

ಮೊದಲ ಕೆಡುಕು ಅಲ್ಪವಿರಾಮದ್ದು. 'ಸೂನ್ ಆಫ್ಟರ್ ದ ಬೇರಿಂಗ್ ವಾಸ್ ಚೇಂಜ್ಡ್, ದ ನಾಯ್ಸ್ ರಿಟರ್ನ್ಡ್' ಎಂದು ಬರೆದರೆ, 'ಸೂನ್' ಪಕ್ಕದಲ್ಲಿ ನೀಲಿ ಗೆರೆ ಬೀಳುತ್ತದೆ: ಇಲ್ಲೊಂದು ಕಾಮಾ ಹಾಕಿ. ವಾಕ್ಯದ ಮೊದಲಿಗೆ ಬಂದ ಕ್ರಿಯಾವಿಶೇಷಣಕ್ಕೆಲ್ಲ ಕಾಮಾ ಬೇಕೆಂದು ಅದರ ತಿಳಿವಳಿಕೆ. ಹಾಕಿದಿರೋ, 'ಸೂನ್' ಎಂಬುದು 'ಆಫ್ಟರ್'ನಿಂದ ಕಳಚಿಕೊಳ್ಳುತ್ತದೆ. ಬೇರಿಂಗ್ ಬದಲಿಸಿದ ಸ್ವಲ್ಪ ಹೊತ್ತಿಗೇ ಸದ್ದು ಬಂತು ಎಂಬುದು ಹೋಗಿ, ಬದಲಿಸಿದ ಮೇಲೆ ಯಾವಾಗಲೋ ಬೇಗ ಬಂತು ಎಂಬಂತಾಗುತ್ತದೆ. ಕಾಮಾ ಬರಬೇಕಾದದ್ದು ಇಡೀ ಉಪವಾಕ್ಯ ಮುಗಿದ ಮೇಲೆ, ಒಂದೇ ಸಲ. ಉಪವಾಕ್ಯ ಕೊನೆಗೆ ಬಂದರೆ ಸಾಮಾನ್ಯವಾಗಿ ಅದೂ ಬೇಡ.

ಎರಡನೆಯದು, ದುಡ್ಡು ಕಟ್ಟಿದವರಿಗೆ ಮಾತ್ರ ಸಿಗುವ 'ವಾಕ್ಯ ಚಿಕ್ಕದಾಗಿಸಿ' ಸೌಲಭ್ಯ. 'ಜಸ್ಟ್', 'ಈವನ್', 'ಓನ್ಲಿ' ಮೂರೂ ಅದರ ಕಣ್ಣಿಗೆ ಹೊಟ್ಟು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲಿ ಏಟು ಜಾಸ್ತಿ. ನಮ್ಮ ಒಂದು 'ಏ'ಕಾರ ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ ಬೇಕು. 'ಫ್ಯೂಸ್ ಹಾಕಿದ ಮೇಲೆಯೇ ಜನರೇಟರ್ ಶುರುವಾಯಿತು' ಎಂದರೆ 'ಓನ್ಲಿ ಆಫ್ಟರ್'. 'ಹೊಗೆ ಕಾಣುವ ಮುಂಚೆಯೇ ಅಲಾರಂ ಹೊಡೆಯಿತು' ಎಂದರೆ 'ಈವನ್ ಬಿಫೋರ್'. ಮೇಲೆಗೆ ಹತ್ತಿದ 'ಏ' 'ಓನ್ಲಿ' ಆಯಿತು, ಮುಂಚೆಗೆ ಹತ್ತಿದ 'ಏ' 'ಈವನ್' ಆಯಿತು. ಈ ಪದಗಳನ್ನು ಕಿತ್ತರೆ ವ್ಯಾಕರಣ ಕೆಡುವುದಿಲ್ಲ, ವರದಿ ಕೆಡುತ್ತದೆ. ಫ್ಯೂಸೇ ಕಾರಣ ಎಂಬ ಸುಳಿವು 'ಓನ್ಲಿ'ಯಲ್ಲಿ ಮಾತ್ರ ಇತ್ತು.

ಕೀಳದಿದ್ದರೆ ಜಾಗ ಬದಲಿಸುತ್ತದೆ. 'ದ ಪಂಪ್ ಸ್ಟಾಪ್ಡ್ ಜಸ್ಟ್ ಆಫ್ಟರ್ ದ ವಾಲ್ವ್ ವಾಸ್ ಕ್ಲೋಸ್ಡ್' ಎಂಬಲ್ಲಿ 'ಜಸ್ಟ್' ಅನ್ನು ಕ್ರಿಯಾಪದದ ಹತ್ತಿರ ಒಯ್ದು 'ಜಸ್ಟ್ ಸ್ಟಾಪ್ಡ್' ಮಾಡಿ ಎನ್ನುತ್ತದೆ. ಮೊದಲನೆಯದರಲ್ಲಿ ವಾಲ್ವ್ ಮುಚ್ಚಿದ ಬೆನ್ನಿಗೇ ಪಂಪ್ ನಿಂತಿತು. ಎರಡನೆಯದರಲ್ಲಿ ಪಂಪ್ ಸುಮ್ಮನೆ ನಿಂತುಬಿಟ್ಟಿತು, ಏಕೋ ಏನೋ.

ಇಷ್ಟೂ ತಪ್ಪು ಸಲಹೆಯ ಮಾತಾಯಿತು, ಬೇಡವೆಂದರೆ ಬಿಡಬಹುದು. ಮೂರನೆಯದಕ್ಕೆ ಮಾತ್ರ ಕ್ಷಮೆಯಿಲ್ಲ. 'ಕರೆಂಟು ಹೋದ ಹತ್ತು ನಿಮಿಷಕ್ಕೆ ಜನರೇಟರ್ ಶುರುವಾಯಿತು.' ಕನ್ನಡದಲ್ಲಿ ಘಟನೆ ಮೊದಲು, ಹತ್ತು ನಿಮಿಷ ಆಮೇಲೆ. ಇಂಗ್ಲಿಷಿನಲ್ಲಿ ಅಳತೆ 'ಆಫ್ಟರ್'ಗಿಂತ ಮುಂದೆ ನಿಲ್ಲಬೇಕು: 'ಟೆನ್ ಮಿನಿಟ್ಸ್ ಆಫ್ಟರ್ ದ ಪವರ್ ಫೇಲ್ಡ್, ದ ಜನರೇಟರ್ ಸ್ಟಾರ್ಟೆಡ್.' ಅವಸರದಲ್ಲಿ ಬೆರಳು ಬರೆಯುವುದು 'ಆಫ್ಟರ್ ಟೆನ್ ಮಿನಿಟ್ಸ್ ದ ಪವರ್ ಫೇಲ್ಡ್' ಎಂದು. ಆ್ಯಪ್ ಇಲ್ಲಿ ಒಂದು ಕಾಮಾ, ಒಂದು 'ಆ್ಯಂಡ್' ಹಾಕಿ, ಹಸಿರು ಟಿಕ್ ಒತ್ತಿ ಕಳಿಸುತ್ತದೆ. ಈಗ ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಅದು ಹೇಳುವುದೇ ಬೇರೆ: ಹತ್ತು ನಿಮಿಷ ಕಳೆದು ಕರೆಂಟು ಹೋಯಿತು, ಜನರೇಟರ್ ಶುರುವಾಯಿತು. ಜನರೇಟರ್ ತಡ ಮಾಡಿದ್ದೇ ದೂರು, ಆ ತಡವೇ ಮಾಯ! 'ಎರಡು ದಿನದ ಹಿಂದೆ' ಎನ್ನುವುದನ್ನು 'ಬಿಫೋರ್ ಟು ಡೇಸ್' ಎಂದು ಬರೆದರೆ ಹಿಡಿದು 'ಟು ಡೇಸ್ ಅಗೋ' ಮಾಡುತ್ತದೆ, ಪರವಾಗಿಲ್ಲ. ಆದರೆ ಅಪಾಯವಿರುವುದು ಅಲ್ಲಲ್ಲ.

ಹೈಸ್ಕೂಲಿನಲ್ಲಿ ಎಲ್ಲರೂ ಉರು ಹೊಡೆದ, ಡಾಕ್ಟರು ಬರುವ ಮುಂಚೆ ರೋಗಿ ತೀರಿಕೊಂಡಿದ್ದ ವಾಕ್ಯ ನೆನಪಿದೆಯಲ್ಲ? ಆ 'ಹ್ಯಾಡ್' ಅನ್ನೂ ಆ್ಯಪ್ ತೆಗೆಯಿರಿ ಎನ್ನುತ್ತದೆ, ಅದು ಅರ್ಧ ಸರಿ. 'ಸೂನ್ ಆಫ್ಟರ್ ಹಿ ಹ್ಯಾಡ್ ಲೆಫ್ಟ್' ಎಂಬಲ್ಲಿ 'ಹ್ಯಾಡ್' ತೆಗೆದರೆ ನಷ್ಟವಿಲ್ಲ, ಯಾವುದು ಮೊದಲು ಎಂದು 'ಆಫ್ಟರ್' ಹೇಳುತ್ತದೆ. 'ಬಿಫೋರ್' ಜೊತೆ ಹಾಗಲ್ಲ. ಆಪರೇಟರ್ 'ಬಿಫೋರ್ ಹಿ ಹ್ಯಾಡ್ ಸೈನ್ಡ್' ಹೊರಟ ಎಂದರೆ, ಹೊರಡುವಾಗ ರಿಜಿಸ್ಟರಿನಲ್ಲಿ ಸಹಿ ಮುಗಿದಿರಲಿಲ್ಲ ಎಂಬುದಕ್ಕೆ ಒತ್ತು. 'ಹ್ಯಾಡ್' ಕಿತ್ತರೆ, ಹೊರಟು ಆಮೇಲೆ ಬಂದು ಸಹಿ ಹಾಕಿದನೇನೋ ಎಂದೂ ಓದಿಕೊಳ್ಳಬಹುದು.

ಇಷ್ಟೆಲ್ಲ ಬೈದ ಮೇಲೂ ಅನ್‌ಇನ್‌ಸ್ಟಾಲ್ ಮಾಡಿಲ್ಲ. ಕಾರಣ ಮೂಲೆಯಲ್ಲಿರುವ ಒಂದು ಸಣ್ಣ ಸ್ಪೀಕರ್ ಗುರುತು, ಯಾರೂ ಹೊಗಳದ ಗುಂಡಿ. ವಾಕ್ಯ ಆರಿಸಿ ಒತ್ತಿದರೆ ಓದಿ ಹೇಳುತ್ತದೆ. 'ಸೂನ್' ಆದ ಮೇಲೆ ದನಿ ನಿಂತರೆ ಕಾಮಾ ತಪ್ಪು ಜಾಗದಲ್ಲಿದೆ. 'ಸೂನ್ ಆಫ್ಟರ್' ಒಂದೇ ಉಸಿರಿನಲ್ಲಿ ಬಂದರೆ ಸರಿ. ಕಣ್ಣಿಗೆ ಕಾಣದ್ದು ಕಿವಿಗೆ ತಕ್ಷಣ ಸಿಗುತ್ತದೆ.

ಕೂತು ಕೂತು ಹೊಂದಿಸಿಕೊಂಡ ಕ್ರಮ ಇದು, ಒಂದು ಪುಟಕ್ಕೆ ಐದಾರು ನಿಮಿಷ ಸಾಕು. ಆ್ಯಪ್ ಆಫ್ ಮಾಡಿ ಪೂರ್ತಿ ಬರೆಯುವುದು. ಆಮೇಲೆ ಕಂಟ್ರೋಲ್-ಎಫ್ ಒತ್ತಿ 'ಆಫ್ಟರ್' ಹುಡುಕಿ, ಪ್ರತಿಯೊಂದರ ಎಡಗಡೆಯ ಪದ ನೋಡುವುದು. ನಿಮಿಷ, ಗಂಟೆ, ದಿನದ ಲೆಕ್ಕ ಬಲಗಡೆ ಇದ್ದರೆ ವಾಕ್ಯವನ್ನು ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳುವುದು: 'ಹೋದ ಹತ್ತು ನಿಮಿಷಕ್ಕೆ' ಎಂದು ಬಂದರೆ ಲೆಕ್ಕವನ್ನು ಎತ್ತಿ ಎಡಕ್ಕಿಡಬೇಕು, 'ಹತ್ತು ನಿಮಿಷ ಬಿಟ್ಟು ಹೋದ' ಎಂದು ಬಂದರೆ ಇದ್ದಲ್ಲೇ ಇರಲಿ. ನಂತರ 'ಬಿಫೋರ್'. ಇಲ್ಲಿ 'ಸೂನ್' ಕಂಡರೆ 'ಶಾರ್ಟ್ಲಿ' ಅಥವಾ 'ಜಸ್ಟ್' ಮಾಡುವುದು. 'ಸೂನ್' ಮುಂದಕ್ಕೆ ನೋಡುವ ಪದ, 'ಬಿಫೋರ್' ಜೊತೆ ಕೂಡಿಬರುವುದಿಲ್ಲ, ಆ್ಯಪ್ ಇದನ್ನು ಗಮನಿಸುವುದೇ ಇಲ್ಲ. 'ಬಹಳ ಮುಂಚೆ'ಯನ್ನು 'ಮಚ್ ಬಿಫೋರ್' ಎಂದು ಬರೆದಿದ್ದರೆ 'ಲಾಂಗ್ ಬಿಫೋರ್' ಮಾಡುವ ಕೆಲಸ ಆ್ಯಪ್‌ಗೆ ಬಿಡಬಹುದು, ಅದನ್ನು ಚೆನ್ನಾಗಿ ಮಾಡುತ್ತದೆ. ಕೊನೆಗೆ 'ಓನ್ಲಿ ಆಫ್ಟರ್' ವಾಕ್ಯದ ಮೊದಲಿಗೆ ಬಂದಿದ್ದರೆ, ಮುಖ್ಯ ವಾಕ್ಯದಲ್ಲಿ ಕರ್ತೃವಿಗಿಂತ ಮುಂಚೆ 'ಡಿಡ್' ಅಥವಾ 'ವಾಸ್' ಇದೆಯೇ ನೋಡುವುದು: 'ಡಿಡ್ ದ ಜನರೇಟರ್ ಸ್ಟಾರ್ಟ್'. 'ಜಸ್ಟ್ ಆಫ್ಟರ್', 'ಸೂನ್ ಆಫ್ಟರ್'ಗೆ ಈ ತಿರುವು ಬೇಡ. ಆಗ ಆ್ಯಪ್ ಆನ್ ಮಾಡಿ ಕೆಂಪು ಗೆರೆಗಳನ್ನಷ್ಟೇ ಒಪ್ಪಿಕೊಳ್ಳುವುದು, ನೀಲಿಯನ್ನು ಒಂದೊಂದಾಗಿ ಓದಿಸಿ ಕೇಳುವುದು.

ದುಡ್ಡಿನ ಮಾತು: ಉಚಿತ ಆವೃತ್ತಿ ಸಾಕು. ಸ್ಪೀಕರ್ ಅದರಲ್ಲೇ ಇದೆ, 'ಓನ್ಲಿ' ಕೀಳುವ ಸೌಲಭ್ಯ ಅದರಲ್ಲಿಲ್ಲ. ಕಂಪನಿಯವರೇ ಚಂದಾ ಕಟ್ಟಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಆ ಸ್ವಿಚ್ ಆಫ್ ಮಾಡಿ. ಐದಕ್ಕೆ ಮೂರು ನಕ್ಷತ್ರ, ಅದರಲ್ಲಿ ಒಂದು ಪೂರ್ತಿ ಸ್ಪೀಕರಿನದು. ಮತ್ತೆ, ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಆ ಸ್ವಿಚ್ ತಾನಾಗಿ ಆನ್ ಆಗಿ ಕೂತಿರುತ್ತದೆ, ವರದಿ ಕಳಿಸುವ ಮುಂಚೆಯೇ ಒಮ್ಮೆ ನೋಡಿಕೊಳ್ಳಿ.