ಡಿಡಿ ಫ್ರೀ ಡಿಶ್: ರೀಚಾರ್ಜ್ ಇಲ್ಲ, ಕನ್ನಡವೂ ಅಷ್ಟಕ್ಕಷ್ಟೆ

ಬಾಕ್ಸ್, ಡಿಶ್ ಒಮ್ಮೆ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ದೂರದರ್ಶನ, ಆಕಾಶವಾಣಿ ನಡೆಸುವ ಪ್ರಸಾರ ಭಾರತಿ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಹೆಸರಲ್ಲಿ ಶುರು ಮಾಡಿದ ಈ ಸೇವೆಗೆ ಇಂದಿಗೂ ಅದೇ ದೊಡ್ಡ ಆಕರ್ಷಣೆ. ಆದರೆ ಕನ್ನಡ ಧಾರಾವಾಹಿ, ಕನ್ನಡ ಸಿನಿಮಾ ಬೇಕೆಂದು ಕೊಳ್ಳುವವರು ಮೊದಲು ಕೈ ಬಿಗಿ ಹಿಡಿಯಿರಿ. ಇಲ್ಲಿ ತುಂಬಿರುವುದು ಹಿಂದಿ.

ಕಾರಣ ದುಡ್ಡಿನ ದಾರಿಯಲ್ಲಿದೆ. ಪ್ರಸಾರ ಭಾರತಿ ನೌಕರರ ಸಂಬಳ ಕೇಂದ್ರದ ಅನುದಾನದಿಂದ ಬರುತ್ತದೆ. ಫ್ರೀ ಡಿಶ್‌ನ ಜಾಗವನ್ನು ಮಾತ್ರ ಖಾಸಗಿ ಚಾನೆಲ್‌ಗಳಿಗೆ ಇ-ಹರಾಜಿನಲ್ಲಿ ಮಾರುತ್ತಾರೆ, ಕೋಟಿಗಳ ಲೆಕ್ಕದಲ್ಲಿ. ಹಿಂದಿ ಚಾನೆಲ್ ಆ ದುಡ್ಡನ್ನು ಉತ್ತರದ ಹಳ್ಳಿಹಳ್ಳಿಯ ನೋಡುಗರನ್ನು ತೋರಿಸಿ ಜಾಹೀರಾತಿನಲ್ಲಿ ಎತ್ತಿಕೊಳ್ಳುತ್ತದೆ. ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗೆ ಇರುವುದು ಒಂದೇ ರಾಜ್ಯದ ಮಾರುಕಟ್ಟೆ, ಅಲ್ಲಿ ಕೇಬಲ್, ಡಿಟಿಎಚ್ ಚಂದಾ ಈಗಾಗಲೇ ಕೈಗೆ ಬರುತ್ತಿದೆ. ಇಲ್ಲಿ ಬಿಟ್ಟಿ ಕೊಟ್ಟರೆ ಅಲ್ಲಿ ಯಾರು ಕೊಡುತ್ತಾರೆ? ಹಿಂದಿಯವರಿಗೂ ಇದೇ ತಲೆನೋವು ಬಂದಿತ್ತು: 2022ರ ಏಪ್ರಿಲ್‌ನಲ್ಲಿ ಸ್ಟಾರ್ ಉತ್ಸವ್, ಝೀ ಅನ್ಮೋಲ್, ಕಲರ್ಸ್ ರಿಶ್ತೆ, ಸೋನಿ ಪಲ್ ಒಟ್ಟಿಗೇ ಎದ್ದು ಹೋದವು.

ಕನ್ನಡಕ್ಕೆ ಮುಖ್ಯವಾಗಿ ಉಳಿಯುವುದು ದೂರದರ್ಶನದ ಚಂದನ. ಚಿತ್ರದ ಹೊಳಪು, ಸೆಟ್‌ನ ಅಂದ ಖಾಸಗಿಯವರ ಮುಂದೆ ಮಂಕೇ. ಆದರೆ 2002ರಿಂದ ಪುಸ್ತಕವನ್ನೇ ಬಹುಮಾನವಾಗಿ ಕೊಡುತ್ತ ಬಂದ ‘ಥಟ್ ಅಂತ ಹೇಳಿ’ಯಂಥ ಕಾರ್ಯಕ್ರಮ ಟಿಆರ್‌ಪಿ ನೋಡಿ ದುಡ್ಡು ಹಾಕುವ ಕಡೆ ಇಷ್ಟು ಕಾಲ ಬದುಕುತ್ತಿರಲಿಲ್ಲ. ಚಂದನವೊಂದಕ್ಕಾಗಿ ಫ್ರೀ ಡಿಶ್ ಬೇಕಿಲ್ಲ ಅನ್ನಿ. ಕೇಬಲ್, ಖಾಸಗಿ ಡಿಟಿಎಚ್‌ನವರೂ ಅದನ್ನು ಕಡ್ಡಾಯವಾಗಿ ಕೊಡಲೇಬೇಕು.

ಕ್ರಿಕೆಟ್ ನೋಡುವವರಿಗೆ ಮಾತ್ರ ಇಲ್ಲಿ ನಿಜವಾದ ಲಾಭ. 2007ರ ಕಾಯ್ದೆಯಂತೆ ಭಾರತ ಆಡುವ ಮುಖ್ಯ ಪಂದ್ಯಗಳ ಸಿಗ್ನಲನ್ನು ಪ್ರಸಾರದ ಹಕ್ಕು ಕೊಂಡವರು ದೂರದರ್ಶನಕ್ಕೆ ಕೊಡಬೇಕು. ಜಾಹೀರಾತು ಆದಾಯದಲ್ಲಿ ನೂರಕ್ಕೆ 75 ಪಾಲು ಅವರಿಗೆ, 25 ಪ್ರಸಾರ ಭಾರತಿಗೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಆ ಸಿಗ್ನಲ್ ಫ್ರೀ ಡಿಶ್‌ಗೆ ಮತ್ತು ಭೂಪ್ರಸಾರಕ್ಕೆ (ಆಂಟೆನಾದಲ್ಲಿ ಹಿಡಿಯುವ ದೂರದರ್ಶನಕ್ಕೆ) ಮಾತ್ರ ಸೀಮಿತ. ಖಾಸಗಿ ಡಿಟಿಎಚ್‌ನಲ್ಲಿ ಅದೇ ಹೊತ್ತಿಗೆ ಡಿಡಿ ಸ್ಪೋರ್ಟ್ಸ್ ಹಾಕಿದರೆ ಬೇರೇನೋ ಬರುತ್ತಿರುತ್ತದೆ.

ಜೋಡಿಸುವುದು ಕಷ್ಟವಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಖಾಸಗಿ ಡಿಟಿಎಚ್ ಡಿಶ್ಶೇ ಸಾಕು, 60 ಸೆಂ.ಮೀ. ಇದ್ದರಾಯಿತು. ಉಪಗ್ರಹ ಜಿಸ್ಯಾಟ್-15, ಪೂರ್ವ ರೇಖಾಂಶ 93.5 ಡಿಗ್ರಿ. ಬೆಂಗಳೂರಿನಲ್ಲಿ ದಿಕ್ಸೂಚಿಯಲ್ಲಿ ಸುಮಾರು 128 ಡಿಗ್ರಿ, ಅಂದರೆ ಆಗ್ನೇಯ; ಮೇಲಕ್ಕೆತ್ತುವ ಕೋನ ಸುಮಾರು 66 ಡಿಗ್ರಿ. ಬೀದರಿನಲ್ಲಿ ಆ ಕೋನ 62ರ ಹತ್ತಿರ. ಆಫ್‌ಸೆಟ್ ಡಿಶ್ (ಸಿಗ್ನಲ್ ಹಿಡಿಯುವ ಭಾಗ ನಡುವೆ ಇರದೆ ಕೆಳಬದಿಗೆ ಇರುವಂಥದು) ನೋಡಲು ಇಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ. ಕಣ್ಣಳತೆ ನಂಬದೆ ಹಿಂದಿನ ಬ್ರ್ಯಾಕೆಟ್ ಮೇಲಿನ ಗುರುತು ನೋಡಿ. ಟಾಟಾ ಪ್ಲೇ ಡಿಶ್ ಇದ್ದರೆ ಪೂರ್ವಕ್ಕೆ ತಿರುಗಿಸಬೇಕು, ಏರ್‌ಟೆಲ್‌ನದಾದರೆ ಪಶ್ಚಿಮಕ್ಕೆ. ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಎಲ್‌ಎನ್‌ಬಿ (ಡಿಶ್ ಮುಂದಿನ ಕಂಬಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) 9750/10600 ಇಟ್ಟು, ಡೈಸೆಕ್ (ಹಲವು ಎಲ್‌ಎನ್‌ಬಿಗಳಲ್ಲಿ ಒಂದನ್ನು ಆರಿಸುವ ಸ್ವಿಚ್) ಆಫ್ ಮಾಡಿ.

ಎಲ್ಲರೂ ಎಡವುವುದು ಒಂದೇ ಕಡೆ. ಪರದೆಯಲ್ಲಿ ‘ಸ್ಟ್ರೆಂತ್’ 80 ದಾಟಿದ್ದು ನೋಡಿ ಬೋಲ್ಟ್ ಬಿಗಿದುಬಿಡುತ್ತಾರೆ. ಎಲ್‌ಎನ್‌ಬಿಗೆ ಕರೆಂಟ್ ತಲುಪಿದರೆ ಸಾಕು, ಡಿಶ್ ಗೋಡೆ ನೋಡುತ್ತಿದ್ದರೂ ಆ ಅಂಕಿ ಏರುತ್ತದೆ. ನೋಡಬೇಕಾದ್ದು ‘ಕ್ವಾಲಿಟಿ’. ಕೂದಲೆಳೆಯಷ್ಟು ತಿರುಗಿಸಿ, ಎರಡು ಸೆಕೆಂಡ್ ನಿಂತು, ಮತ್ತೆ ತಿರುಗಿಸಿ. ಕೊನೆಗೆ ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲಿ ಸ್ವಲ್ಪ ಹೊರಳಿಸಿ. ಬೇಸಿಗೆಯಲ್ಲಿ ಸರಿಯಿದ್ದು ಮಳೆಗಾಲದಲ್ಲಿ ಚೌಕಚೌಕವಾಗುತ್ತಿದ್ದರೆ ಎರಡು ಕಡೆ ಹುಡುಕಿ: ನಡುವೆ ಬೆಳೆದ ತೆಂಗಿನ ಗರಿ, ಇಲ್ಲವೇ ಕೇಬಲ್ ತುದಿಯ ತಿರುಪಿನ ಎಫ್ ಕನೆಕ್ಟರ್ ಒಳಗೆ ನೀರು. ಕೇಬಲ್ ಎಲ್‌ಎನ್‌ಬಿಗೆ ಸೇರುವ ಮುಂಚೆ ಕೆಳಕ್ಕೆ ಒಂದು ಬಳುಕು ಕೊಟ್ಟರೆ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ.

ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರ ಕುಗ್ಗಿಸಿ ಕಳಿಸುವ ಹೊಸ ಬಗೆ) ಎಂದೇ ಕೇಳಿ. ಅಗ್ಗಕ್ಕೆ ಸಿಗುವ ಎಂಪೆಗ್-2 ಬಾಕ್ಸ್‌ನಲ್ಲಿ ಒಂದಷ್ಟು ಚಾನೆಲ್ ತೆರೆಯುವುದೇ ಇಲ್ಲ. ವರ್ಷದ ಹರಾಜಿನ ಜಾಗಗಳು ಮಾರ್ಚ್ 31ಕ್ಕೆ ಮುಗಿಯುತ್ತವೆ. ಏಪ್ರಿಲ್ ಮೊದಲ ವಾರ ನಿತ್ಯದ ಚಾನೆಲ್ ಕಾಣದಾದರೆ ಡಿಶ್ ಮುಟ್ಟಲು ಹೋಗಬೇಡಿ, ಮೊದಲು ಆಟೋ ಸ್ಕ್ಯಾನ್ ಒತ್ತಿ.