ಧಾರವಾಡದ ಆಯಿಲ್ ಪೇಂಟಿಂಗ್ ಕ್ಲಾಸ್: ಐದು ತಿಂಗಳು, ಒಂದೇ ಚಿತ್ರ

ಜೂನ್‌ನಲ್ಲಿ ಸೇರಿದೆ, ಚಿತ್ರ ಮುಗಿದಿದ್ದು ದೀಪಾವಳಿ ಹೊತ್ತಿಗೆ. ಭಾನುವಾರ ಮೂರು ತಾಸು ಕ್ಲಾಸ್, ತಿಂಗಳಿಗೆ 1,500 ರೂಪಾಯಿ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಜುಬಿಲಿ ಸರ್ಕಲ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಒಂದು ಹಳೇ ಮನೆಯ ಮಹಡಿ, ಅಲ್ಲಿ ಆರು ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್). ಬಣ್ಣ, ಕ್ಯಾನ್ವಾಸ್ ಖರ್ಚು ನಮ್ಮದೇ. ಸೇರುವಾಗ ಇದನ್ನು ಯಾರೂ ಹೇಳಲಿಲ್ಲ, ಮೊದಲ ದಿನ ಸುಮ್ನೆ ಒಂದು ಉದ್ದದ ಚೀಟಿ ಕೈಗೆ ಬಂತು.

ಇಲ್ಲಿ ಹೂದಾನಿ, ಬಾಳೆಹಣ್ಣು ಅಂತ ಕಾಲ ಕಳೆಯುವುದಿಲ್ಲ. ಮಂದಿ ತುಂಬಿದ ಹಳೇ ಚಿತ್ರವೊಂದನ್ನು ಕೊಟ್ಟು ನಕಲು ಮಾಡಿ ಅನ್ನುತ್ತಾರೆ. ನನಗೆ ಸಿಕ್ಕಿದ್ದು ರಾಬರ್ಟ್ ಹೋಮ್ ಬರೆದದ್ದು. 1792ರ ಶ್ರೀರಂಗಪಟ್ಟಣ ಒಪ್ಪಂದದ ವೇಳೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒತ್ತೆಯಾಗಿ ತೆಗೆದುಕೊಳ್ಳುವ ದೃಶ್ಯ. ಮೂಲ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಹೋಮ್ ಬ್ರಿಟಿಷ್ ಸೈನ್ಯದ ಜೊತೆಗೇ ತಿರುಗಿದ ಚಿತ್ರಕಾರ, ಹಾಗಾಗಿ ಅವನ ಕಾರ್ನ್‌ವಾಲಿಸ್ ರಜೆಗೆ ಬಂದ ಮೊಮ್ಮಕ್ಕಳನ್ನು ಬರಮಾಡಿಕೊಳ್ಳುವ ಅಜ್ಜನ ಹಾಗೆ ಕಾಣುತ್ತಾನೆ!

ಮೊದಲ ಮೂರು ವಾರ ಬಣ್ಣವೇ ಇಲ್ಲ, ಬರೀ ಚೌಕ ಹಾಕಿ ಪೆನ್ಸಿಲ್ ಕೆಲಸ. ಆಮೇಲೆ ಬರ್ನ್ಟ್ ಅಂಬರ್ ಅನ್ನುವ ಕಡು ಕಂದು ಬಣ್ಣ ಒಂದನ್ನೇ ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ನೆರಳು ಮಾತ್ರ ಹಾಕಬೇಕು. ನಾನು ಮುಖಕ್ಕೆ ಕೈ ಹಾಕಿದರೆ ಸರ್ ಬಂದು, "ಕಣ್ಣ ಸಣ್ಣ ಮಾಡಿ ನೋಡ್ರಿ, ಮಂದಿ ಕಾಣಬಾರದು, ಬೆಳಕು ಕತ್ತಲಿ ಅಷ್ಟ ಕಾಣಬೇಕು" ಅನ್ನುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಆದರೆ ಹುಡುಗರ ಬಿಳಿ ಮಸ್ಲಿನ್ ಅಂಗಿಗೆ ಬಂದಾಗ ಗೊತ್ತಾಯಿತು. ಟ್ಯೂಬಿನ ಬಿಳಿಯನ್ನು ಹಾಗೇ ಬಳಿದೆ, ಅಂಗಿ ಗೋಡೆಗೆ ಸುಣ್ಣ ಹೊಡೆದ ಹಾಗೆ ಕಂಡಿತು. ಅದನ್ನು ಚಾಕುವಿನಿಂದ ಕೆರೆದು ತೆಗೆಸಿ, ನೀಲಿಗೆ ಅಂಬರ್ ಸೇರಿಸಿ ಬೂದು ಬಣ್ಣ ಮಾಡಿಸಿದರು. ಅಂಗಿ ಮುಕ್ಕಾಲು ಭಾಗ ಆ ಬೂದು ಬಣ್ಣವೇ, ನಿಜವಾದ ಬಿಳಿ ಇರುವುದು ಹೆಗಲ ಮೇಲೆ ಕಡ್ಡಿಯಷ್ಟು ಅಗಲ. ಈಗ ಅದು ಬಟ್ಟೆಯ ಹಾಗಿದೆ. ಈ ಒಂದು ಪಾಠಕ್ಕೇ ಫೀ ವಸೂಲು ಅನ್ನಬಹುದು.

ಬಣ್ಣಕ್ಕೆ ಬೆರೆಸುವ ಎಣ್ಣೆ, ಮೇಲಿನ ಪದರಕ್ಕೆ ಬಂದಷ್ಟೂ ಜಾಸ್ತಿ ಆಗಬೇಕು, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಎಣ್ಣೆ ಅಂದರೆ ಲಿನ್ಸೀಡ್, ನಮ್ಮ ಅಗಸಿ ಹಿಂಡಿಯ ಅದೇ ಅಗಸಿ. ಅದು ನೀರಿನ ಹಾಗೆ ಆರುವುದಿಲ್ಲ, ಗಾಳಿ ಹೀರಿ ನಿಧಾನ ಗಟ್ಟಿಯಾಗುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಂದು ಪದರಕ್ಕೆ ಎರಡು ವಾರ ಕಾದಿದ್ದೂ ಇದೆ. ಅವಸರ ಇದ್ದವರು ಮಳೆಗಾಲ ಬಿಟ್ಟು ಸೇರಿ.

ಈಗ ದೂರು. ಮಳೆ ಬಂದರೆ ಕಿಟಕಿ ಮುಚ್ಚುತ್ತಾರೆ, ಟರ್ಪೆಂಟೈನ್ ವಾಸನೆಗೆ ತಲೆ ಸಿಡಿಯುತ್ತದೆ. ಫ್ಯಾನ್ ಇದೆ, ಅದು ಅದೇ ವಾಸನೆಯನ್ನು ಎಲ್ಲರಿಗೂ ಸಮನಾಗಿ ಹಂಚುತ್ತದೆ. ಕೊಟ್ಟ ಪ್ರಿಂಟ್ ಬಲು ಕೆಟ್ಟದ್ದು. ಅದನ್ನು ನಂಬಿ ಸೈನಿಕರ ಕೆಂಪು ಕೋಟುಗಳಿಗೆ ಕಿತ್ತಳೆ ಬಣ್ಣ ಹಾಕಿ, ಒಂದು ತಿಂಗಳಾದ ಮೇಲೆ ಫೋನಿನಲ್ಲಿ ಒಳ್ಳೆ ಫೋಟೊ ನೋಡಿ ಎಲ್ಲಾ ಕೋಟು ಮತ್ತೆ ಬರೆದೆ. ಸೇರುವ ಮೊದಲು ನಿಮ್ಮ ಚಿತ್ರದ ಒಳ್ಳೆ ಪ್ರಿಂಟ್ ನೀವೇ ತೆಗೆಸಿಕೊಳ್ಳಿ, ಅದಕ್ಕೆ ಸರ್ ಬೇಡ ಅನ್ನುವುದಿಲ್ಲ.

ಇನ್ನೊಂದು, ಅವರಿಗೆ ತಿದ್ದುವ ಚಟ. "ತೋರಿಸ್ತೀನಿ ತಾಳ್ರಿ" ಅಂತ ಬ್ರಷ್ ಇಸಿದುಕೊಂಡರೆ ಕಾಲು ತಾಸು ವಾಪಸ್ ಕೊಡುವುದಿಲ್ಲ. ಚಿಕ್ಕ ಹುಡುಗನ ಮುಖ ಹಾಗೇ ಆಗಿದ್ದು, ಪೂರ್ತಿ ಅವರದೇ ಕೈ. ಚಿತ್ರ ಈಗ ನಮ್ಮ ಪಡಸಾಲೆಯಲ್ಲಿದೆ. ಮನೆಗೆ ಬಂದವರೆಲ್ಲ ಮೊದಲು ಆ ಮುಖವನ್ನೇ ಹೊಗಳುತ್ತಾರೆ, ನಮ್ಮವ್ವ "ನಮ್ಮ ಹುಡುಗನ ಕೈ ಛಲೋ ಕುಂತೈತಿ" ಅನ್ನುತ್ತಾಳೆ, ನಾನು ಚಹಾ ತರುತ್ತೇನೆ ಅಂತ ಒಳಗೆ ಹೋಗುತ್ತೇನೆ.